ಬೆಳಕು ಇಳಿಯದ ವಾರ

ಕೊಲ್ಲಿ ನಾಡಿನ ಈ ಫಹಾಹೀಲಿನ ಕಡಲಂಚಿನಲ್ಲಿ ಇಂದು ಬೆಳಗ್ಗೆ ಮತ್ತೆ ಅದೇ ನಾತ. ಸತ್ತ ಮೀನುಗಳು ಹೊಟ್ಟೆ ಮೇಲಾಗಿ ದಡಕ್ಕೆ ಬಂದು ಬಿದ್ದಿವೆ. ಮೂಗು ಮುಚ್ಚಿಕೊಂಡಾದರೂ ನನ್ನೊಡನೆ ನಾಲ್ಕು ಹೆಜ್ಜೆ ಬನ್ನಿ. ಈ ನಾತಕ್ಕೂ, ಊರಿನಲ್ಲಿ ಕ್ರೈಸ್ತರನ್ನು ಕರೆಯುವಂತೆ ಪೊರ್ಬುಗಳೆಂದೇ ನಾನು ಕರೆಯುತ್ತಿದ್ದ ಗೆಳೆಯ ವಿಕ್ಟರರಿಗೂ ಹಳೆಯ ನಂಟಿದೆ.

ಪಕ್ಕದ ಮಂಗಫಿನಲ್ಲಿ ನಾವು ಒಂದೇ ಕಟ್ಟಡದವರು. ಅವರು ಮಂಗಳೂರಿನಿಂದ ಬಂದ ಭೌತವಿಜ್ಞಾನಿ. ನಾನು ಅದೇ ಕರಾವಳಿಯ ಮುಸಲ್ಮಾನ, ಉಗ್ರಾಣ ಕಾಯುತ್ತಿದ್ದ ಬ್ಯಾರಿ. ಶಾಲೆಯನ್ನು ನಡುವೆಯೇ ಬಿಟ್ಟು ಹಳೆಯ ಪುಸ್ತಕಗಳಿಂದ ಕಲಿತವನು. ಅರ್ಧ ಓದಿದವನಿಗೆ ಅನುಮಾನ ಮಾತ್ರ ಪೂರ್ತಿ ಇರುತ್ತದೆ. ಪತ್ರಿಕೆಯನ್ನು ನಂಬಲಿಲ್ಲ, ವೈದ್ಯರನ್ನೂ ನಂಬಲಿಲ್ಲ. ಸಕ್ಕರೆ ಕಾಯಿಲೆಯನ್ನಂತೂ ಅದು ಕಾಲಿಗೆ ಇಳಿಯುವ ತನಕ ಒಪ್ಪಲಿಲ್ಲ.

ಪೊರ್ಬುಗಳ ಕೆಲಸವನ್ನೂ ಕಣ್ಣಾರೆ ಕಾಣದೆ ಒಪ್ಪಲಾರೆನೆಂದು ಹಟ ಹಿಡಿದಾಗ, ಒಮ್ಮೆ ತಮ್ಮ ಸಂಸ್ಥೆಯ ದೋಣಿಯಲ್ಲಿ ಕರೆದೊಯ್ದರು. ಲೇಸರಿನ ಹಸಿರು ಬೆಳಕು ನೀರಿಗಿಳಿಯಿತು. ಕಡಲಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಸಸ್ಯಕಣಗಳು ಆ ಬೆಳಕನ್ನು ಕುಡಿದು ಕೆಂಪಗೆ ಮಿನುಗುತ್ತವೆ. ಆ ಕೆಂಪನ್ನು ಹಿಡಿದು ಯಂತ್ರವು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಮೀನುಗಳ ಅನ್ನ ಅಲ್ಲಿಂದಲೇ ಶುರು. ಆ ಕಣಗಳೇ ಮಿತಿಮೀರಿ ಬೆಳೆದರೆ ಮೀನಿನ ಉಸಿರು ಕಟ್ಟುತ್ತದೆ.

"ಕಡಲನ್ನು ಕೇಳ್ಬೇಕು ಬ್ಯಾರಿಗಳೇ," ಎಂದಿದ್ದರು. "ಕೇಳದೆ ಅದು ಏನೂ ಹೇಳುದಿಲ್ಲ."

ಒಂದು ಬೇಸಿಗೆಯಲ್ಲಿ ಮೀನುಗಳು ರಾಶಿಯಾಗಿ ಸತ್ತವು. ಲೇಸರನ್ನು ತಂಪಾಗಿಡುವ ಪಂಪು ಆಗಲೇ ಕೆಟ್ಟು, ಬಿಡಿಭಾಗಕ್ಕಾಗಿ ಕಾಯುತ್ತಿತ್ತು. ಆ ವಾರ ಬೆಳಕು ನೀರಿಗೆ ಇಳಿಯಲೇ ಇಲ್ಲ. ಸಸ್ಯಕಣಗಳು ಹೆಚ್ಚಿದ್ದೇ ಕಾರಣವೆಂದು ವರದಿಗೆ ಸಹಿ ಹಾಕಿಕೊಡಿ ಎಂದರು ಸಂಸ್ಥೆಯ ಮೇಲಿನವರು. ಕಾರ್ಖಾನೆಯ ಎಣ್ಣೆನೀರೇ ಕಾರಣವೆಂದು ಹೇಳಿಬಿಡಿ ಎಂದು ಪೀಡಿಸಿದವರು ಚಹಾದಂಗಡಿಯ ವಿದ್ವಾಂಸರಾದ ನಾವು. ಎರಡೂ ಕಡೆಗೆ ಪೊರ್ಬುಗಳದು ಒಂದೇ ಉತ್ತರ: "ನಾನು ನೋಡಿಲ್ಲ."

ಕರಾರು ಮುಂದುವರಿಯಲಿಲ್ಲ, ಇಲ್ಲಿ ನೆಲೆಸಲು ಬೇಕಾದ ಪರವಾನಗಿ ಇಕಾಮಾ ಮುಗಿಯಿತು. ಊರಿಗೆ ಮರಳಿ ಟ್ಯೂಷನ್ ಹೇಳಿಕೊಂಡು ಬದುಕಿದರು. ಆ ಹಸಿರು ಬೆಳಕು ಮತ್ತೆಂದೂ ಅವರ ಕೈಗೆ ಸಿಗಲಿಲ್ಲ.

ಕಳೆದ ತಿಂಗಳು ತೀರಿಕೊಂಡರು. ಇಂದು ಸಂಜೆ ಇಲ್ಲಿ ಸಂತಾಪ ಸಭೆ. ಎಣ್ಣೆನೀರಿನ ಗುಟ್ಟನ್ನು ಬಯಲು ಮಾಡಿ ಕೆಲಸ ಕಳೆದುಕೊಂಡ ವೀರನೆಂಬ ಕಥೆ ಈಗ ಎಲ್ಲರ ಬಾಯಲ್ಲಿದೆ. ಬಲ್ಲವನಾದ ನಾನು ಅದಕ್ಕೆ ಸಾಕ್ಷಿ ನುಡಿಯಬೇಕಂತೆ. ನಡೆದದ್ದನ್ನೇ ಹೇಳುತ್ತೇನೆಂದು ಅವರ ಮಡದಿ ಲಿಲ್ಲಿಬಾಯಿಗೆ ನಿನ್ನೆ ಫೋನಿನಲ್ಲಿ ತಿಳಿಸಿದೆ. ಅವರು ಅಂದದ್ದು ಇಷ್ಟೇ:

"ಮಕ್ಕಳು ಆ ಕಥೆಯನ್ನೇ ನಂಬಿದ್ದಾರೆ ಬ್ಯಾರಿಗಳೇ. ಅವರ ಅಪ್ಪ ಬಿಟ್ಟು ಹೋದದ್ದು ಅದೊಂದೇ. ಅದನ್ನೂ ತೆಗೀಬೇಡಿ."

ಇಗೋ, ಜೊತೆಗೆ ನಡೆಯುತ್ತಿದ್ದ ಚಹಾದಂಗಡಿಯ ರಫೀಕ್ ಚಪ್ಪಲಿಯ ತುದಿಯಿಂದ ಮೀನೊಂದನ್ನು ಮಗುಚಿದ. "ಇದು ಯಾಕೆ ಸತ್ತದ್ದು ಕಾಕ? ನಿಮ್ಮತ್ರ ಎಲ್ಲದಕ್ಕೂ ಉತ್ತರ ಉಂಟಲ್ಲ."

ಉತ್ತರಕ್ಕೆ ಎಂದೂ ತಡವರಿಸದ ನಾಲಗೆ ನನ್ನದು.

"ನಾನು ನೋಡಿಲ್ಲ," ಎಂದೆ.

ಮೈ ಸರಿಯಿಲ್ಲವೇ ಎಂಬಂತೆ ಅವನು ನನ್ನ ಮುಖ ನೋಡಿದ.

ಪೊರ್ಬುಗಳು ಬದುಕಿದ್ದಾಗ ಹಾಕದ ಸಹಿಯನ್ನು, ಅವರು ಸತ್ತ ಮೇಲೆ ಅವರ ಹೆಸರಿನಲ್ಲಿ ನಾನು ಹಾಕಲಾರೆ. ಸಂಜೆಯೂ ಇದನ್ನೇ ಹೇಳುತ್ತೇನೆ. ಆಮೇಲೆ ಲಿಲ್ಲಿಬಾಯಿ ನನ್ನ ಫೋನ್ ಎತ್ತಲಿಕ್ಕಿಲ್ಲ.