ಚಕ್ರದ ಮೇಲಿನ ಗೃಹಪ್ರವೇಶ

ಹೋದ ವಾರ ಬಸವನಗುಡಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಒಂದು ಜೋಡಿ ತಮ್ಮ ಹೊಸ ಕ್ಯಾಂಪರ್ ವ್ಯಾನನ್ನು ಎಲ್ಲರಿಗೂ ತೋರಿಸುತ್ತಿದ್ದರು. ನಾನೂ ಕೋಲೂರಿಕೊಂಡು ಹೋಗಿ ಇಣುಕಿದೆ. ಬಿಸಿಲಿಗೆ ಕಾದ ರೆಕ್ಸಿನ್, ಸ್ವಲ್ಪ ಡೀಸೆಲ್, ಒಲೆಯ ಮೇಲೆ ಉಕ್ಕಿ ಸೀದ ಹಾಲು... ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮಂಡಿನೋವು ಮರೆತೇಹೋಯಿತು.

"ಪೂರ್ತಿ ಇದರಲ್ಲೇ ಇರ್ತೀವಿ ಆಂಟಿ, ಬಾಡಿಗೆ ಮನೆ ಬಿಟ್ಬಿಟ್ವಿ. ನಮ್ಮ ಕಡೆ ಯಾರೂ ಮಾಡಿಲ್ಲ ಇದನ್ನ!" ಅಂದಳು ಹುಡುಗಿ.

"ಮೈ ಡಿಯರ್ ಚೈಲ್ಡ್, ನಮ್ಮ ಪಕ್ಕದ್ಮನೆ ಅಕ್ಕ ನೀನು ಹುಟ್ಟೋಕೆ ಮುಂಚೆನೇ ಮಾಡಿದ್ಲು!" ಅಂದೆ.

ಅಕ್ಕ ನನಗಿಂತ ಕೊಂಚ ದೊಡ್ಡವಳು. ಮದುವೆಯಾಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಸರ್ವೀಸಿನುದ್ದಕ್ಕೂ ಊರವರಿಗೆಲ್ಲ ಟ್ರಂಕ್ ಕಾಲ್ ಹಾಕಿಕೊಟ್ಟವಳು. ಕಾರವಾರ, ಬೀದರ್, ಮಡಿಕೇರಿ, ಎಲ್ಲ ಊರಿನ ದನಿಯೂ ಅವಳ ಕಿವಿಗೆ ಗೊತ್ತು, ಒಂದನ್ನೂ ಕಣ್ಣಾರೆ ಕಂಡವಳಲ್ಲ. ಅವಳು ರಿಟೈರಾದ ಮೇಲೆ ಮನೆ ಪಾಲಾಗಿ, ಹಳೆಯ ಕಟ್ಟಡವನ್ನು ಕೆಡವಿದರು. ಅಣ್ಣತಮ್ಮಂದಿರು ಪ್ರೀತಿಯಿಂದಲೇ ತೀರ್ಮಾನಿಸಿದರು: ಒಂದಷ್ಟು ದಿನ ಚಾಮರಾಜಪೇಟೆಯ ಅಣ್ಣನ ಮನೆ, ಒಂದಷ್ಟು ದಿನ ಮಲ್ಲೇಶ್ವರದ ತಮ್ಮನ ಮನೆ, ಹೀಗೆ ಸರದಿ.

"ಹೆಂಗಿದ್ರೂ ಸುತ್ತೋದೇ ತಾನೇ ಕಣೇ? ನನ್ನ ಮನೇನೂ ನನ್ ಜೊತೆಗೇ ಸುತ್ತಲಿ" ಅಂದಳು ಅಕ್ಕ. ಹೇಳಿ ಸುಮ್ಮನಾಗಲಿಲ್ಲ, ಒಂದು ಹಳೆಯ ಸ್ಕೂಲ್ ಬಸ್ಸು ಕೊಂಡೇಬಿಟ್ಟಳು! ಗುಟ್ಟಾಗಿ ಡ್ರೈವಿಂಗ್ ಬೇರೆ ಕಲಿತಿದ್ದಳು. ಐ ವಾಸ್ ಥ್ರಿಲ್ಡ್. ಗವಿಪುರದಲ್ಲಿ ನಮ್ಮದೊಂದು ಸೈಟು, ಅರ್ಧ ಬಂಡೆಯೇ ತುಂಬಿದ್ದರಿಂದ ಖಾಲಿ ಬಿದ್ದಿತ್ತು. ಬಸ್ಸನ್ನು ಅಲ್ಲಿ ನಿಲ್ಲಿಸಿ, ಸೀಟು ಕೀಳಿಸಿ, ಮಂಚ, ಗ್ಯಾಸ್ ಒಲೆ, ದೇವರ ಗೂಡು ಎಲ್ಲ ಕೂರಿಸಿದೆವು. ಗಾಳಿಯಾಡಲೆಂದು ಹಿಂಬದಿಯನ್ನು ಕತ್ತರಿಸಿ ಅಗಲವಾದ ಬಾಗಿಲು ಇಡಿಸಿದೆವು. ನಗರ್ತಪೇಟೆಯಿಂದ ಹೂಹೂವಿನ ಬಟ್ಟೆ ತಂದು ಪರದೆ ಹೊಲಿದವಳು ನಾನೇ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹೊಲಿಗೆ ಕೊನೆಗೂ ಉಪಯೋಗಕ್ಕೆ ಬಂತು.

ಚಾಮರಾಜಪೇಟೆಯ ಅಣ್ಣ ಮಾತ್ರ ಒಪ್ಪಲಿಲ್ಲ. "ಇದು ಮನೆ ಅಲ್ಲಮ್ಮ, ಬಸ್ಸು. ಗೃಹಪ್ರವೇಶ ಆಗದೇ ಇರೋ ಜಾಗದಲ್ಲಿ ನನ್ನ ತಂಗಿ ಮಲಗಕೂಡದು."

"ಹಾಗಾದ್ರೆ ಗೃಹಪ್ರವೇಶನೇ ಮಾಡ್ತೀನಿ!" ಅಂದಳು ಅಕ್ಕ.

"ಮಾಡು. ಶಾಸ್ತ್ರ ಎಲ್ಲ ಸರಿಯಾಗಿ ನಡೆದ್ರೆ ಇಲ್ಲೇ ಇರು. ಒಂದು ತಪ್ಪಿದ್ರೂ ಅವತ್ತೇ ಬಟ್ಟೆಬರೆ ಕಟ್ಕೊಂಡು ನಮ್ಮನೆಗೆ ಬಂದ್ಬಿಡಬೇಕು."

ಅಕ್ಕ ಹೂಂ ಅಂದಳು. ಹೂಂ ಅಂದಮೇಲೆ ಮಾತು ಮುರಿಯುವವಳಲ್ಲ... ನನಗೆ ಅದೇ ಭಯ.

ಆ ದಿನ ಬೆಳಿಗ್ಗೆ ಬಸ್ಸಿನ ಬಾಗಿಲಿಗೆ ಮಾವಿನ ತೋರಣ, ಫುಟ್‌ಬೋರ್ಡೇ ಹೊಸ್ತಿಲೆಂದು ಅದಕ್ಕೆ ಅರಿಶಿನ ಕುಂಕುಮ. ಪುರೋಹಿತರು ಬಂದವರೇ ಅಭ್ಯಾಸಬಲದಿಂದ ಚಕ್ರಗಳ ಹಿಂದೆ ಮುಂದೆ ನಿಂಬೆಹಣ್ಣು ಇಟ್ಟರು. "ಸ್ವಾಮಿ, ವಾಹನ ಪೂಜೆ ಅಲ್ಲ ಇದು" ಅಂದಳು ಅಕ್ಕ. "ಇರ್ಲಿ ಬಿಡಿ ತಾಯಿ, ಮನೆಗೂ ಬಸ್ಸಿಗೂ ಇಬ್ಬರಿಗೂ ಬೇಜಾರಾಗ್ಬಾರ್ದು" ಎಂದು ಅವರು ನಕ್ಕರು.

ಗೃಹಪ್ರವೇಶವೆಂದರೆ ಮೊದಲು ಹಸು ಕರು ಒಳಗೆ ಹೋಗಬೇಕು, ಆಮೇಲೆ ಮನೆಯವರು. ಮಾವಳ್ಳಿಯ ಹಾಲಿನವರು ಒಂದು ಗಿಡ್ಡ ಹಸುವನ್ನೂ ಅದರ ಕರುವನ್ನೂ ಕರೆತಂದರು. ಹಸು ಫುಟ್‌ಬೋರ್ಡನ್ನು ಮೂಸಿ ಸುಮ್ಮನೆ ನಿಂತಿತು. ಬೆಲ್ಲ ತೋರಿಸಿದೆವು, ತಿಂದಿತು. ಬಾಳೆಹಣ್ಣು ಕೊಟ್ಟೆವು, ತಿಂದಿತು. ತೋರಣವನ್ನೂ ಮೆದ್ದಿತು. ಹತ್ತಲಿಲ್ಲ! ಪರದೆಯ ಬಣ್ಣಕ್ಕಾಗಿ ನಾನೂ ಅಕ್ಕನೂ ದಿನಗಟ್ಟಲೆ ಜಗಳವಾಡಿದ್ದೆವು, ಹಸು ಮೆಟ್ಟಿಲು ಹತ್ತೀತೇ ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಮುಹೂರ್ತ ಮೀರ್ತಾ ಇದೆ" ಅಂದರು ಪುರೋಹಿತರು.

"ಹಸು ಹತ್ತದೇ ಇರೋದು ಯಾವ ಸೀಮೆ ಮನೆ? ಸಾಕು, ನಡಿ ಹೋಗೋಣ" ಅಂದರು ಅಣ್ಣ.

ಅಕ್ಕ ಬಂಡೆಯ ಕಡೆ ನೋಡಿದಳು. ಅದು ಒಂದು ಬದಿಯಿಂದ ಇಳಿಜಾರಾಗಿ ಏರಿ, ಇನ್ನೊಂದು ಬದಿಯಲ್ಲಿ ಜಗಲಿಯ ಹಾಗೆ ನೇರವಾಗಿ ಕಡಿದು ನಿಂತಿತ್ತು. "ಹಸೂನ ಆ ಬಂಡೆ ಮೇಲೆ ಹತ್ತಿಸಿ" ಎಂದು ಹಾಲಿನವರಿಗೆ ಹೇಳಿದವಳೇ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಡ್ರೈವರ್ ಸೀಟಿಗೆ ಹತ್ತಿಬಿಟ್ಟಳು.

"ಏ, ಎಲ್ಲಿಗೇ ಹೊರಟೆ?" ಅಣ್ಣ ಕೂಗಿದರು.

"ಹಸು ಮನೆಗೆ ಬರಲ್ಲ ಅಂದ್ರೆ ಮನೇನೇ ಹಸು ಹತ್ರ ಹೋಗುತ್ತೆ ಅಣ್ಣ! ನಿನ್ನ ಮನೆಗೆ ಆಗುತ್ತಾ ಇದು?"

ಇಂಜಿನ್ ಗುಡುಗಿತು. ನಿಂಬೆಹಣ್ಣುಗಳು ಚಟ್ ಚಟ್ ಎಂದು ಒಡೆದವು. ನಾನು ಹಿಂದೆ ನಿಂತು, "ಬರ್ಲಿ, ಬರ್ಲಿ... ರೈಟ್... ಹೋಲ್ಡಾನ್!" ಎಂದು ಗಂಟಲು ಹರಿಯುವಂತೆ ಕೂಗಿದೆ. ನಮ್ಮ ಮದರ್ ಸುಪೀರಿಯರ್ ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು! ಹಿಂದಿನ ಬಾಗಿಲು ಬಂಡೆಯ ಅಂಚಿಗೆ ಸರಿಯಾಗಿ ಬಂದು ನಿಂತಿತು. ಬಂಡೆಯೂ ಬಸ್ಸಿನ ನೆಲವೂ ಒಂದೇ ಸಮ. ಹಸು ತಲೆ ಅಲ್ಲಾಡಿಸಿ, ಯಜಮಾನಿಯ ಗತ್ತಿನಲ್ಲಿ ಒಳಗೆ ನಡೆಯಿತು. ಹಿಂದೆಯೇ ಕರು. ಹಸು ನಟ್ಟನಡುವೆ ನಿಂತು ಸಗಣಿಯನ್ನೂ ಹಾಕಿತು.

"ಕೇಳದೇ ಕೊಟ್ಟಳಲ್ಲಪ್ಪ ಮಹಾಲಕ್ಷ್ಮಿ! ಇನ್ನೇನು ಬೇಕು, ಹಾಲುಕ್ಕಿಸಿ ತಾಯಿ!" ಎಂದರು ಪುರೋಹಿತರು. ನಾವು ಕುಣಿದದ್ದೇ ಕುಣಿದದ್ದು. ಹಾಲು ಉಕ್ಕಿ, ಒಲೆ ಆರಿಸುವುದನ್ನು ಮರೆತು, ಸೀದೂ ಹೋಯಿತು. ಅಣ್ಣ ಪ್ರಸಾದ ತಗೊಂಡು, "ಆಗ್ಲಿ, ಇರು ನಿನ್ನ ಬಸ್ಸಲ್ಲೇ" ಅಂದರು. ಮನೆ ಅನ್ನಲಿಲ್ಲ. ಆಮೇಲೆಯೂ, ಅವಳಿರುವ ತನಕ, ಅನ್ನಲಿಲ್ಲ.

ಅಕ್ಕ ಅದರಲ್ಲೇ ಬಾಳಿದಳು. ಮಳೆಗಾಲಕ್ಕೆ ಗವಿಪುರ, ಉಳಿದಂತೆ ರಸ್ತೆ. "ಲೇ, ಇಲ್ಲಿ ಸಮುದ್ರ ಕೇಳಿಸ್ತಿದ್ಯಾ? ಇದೇ ಕಣೇ ಕಾರವಾರ!" ಎಂದು ಫೋನಿನಲ್ಲಿ ಕಿರುಚುತ್ತಿದ್ದಳು... ಆ ಊರಿನಲ್ಲೇ, ಕಡಲಿನ ಹತ್ತಿರ ಬಸ್ಸು ನಿಲ್ಲಿಸಿಕೊಂಡಿದ್ದಾಗ, ನಿದ್ದೆಯಲ್ಲೇ ಹೋದಳು. ಸುದ್ದಿ ತಿಳಿಸಿದವರು ಅಣ್ಣನೇ.

"ಆಸ್ಪತ್ರೆಗೆ ಸೇರಿಸಿದ್ರಾ ಅಣ್ಣ?" ಎಂದು ಕೇಳಿದೆ.

"ಇಲ್ಲಮ್ಮ, ಮನೇಲೇ..." ಎಂದರು. ಮತ್ತೆ, "ಅವಳ ಮನೇಲೇ" ಎಂದರು.

ಬಸ್ಸು ಗುಜರಿಗೆ ಹೋಯಿತು. ಗವಿಪುರದ ಆ ಬಂಡೆಯನ್ನು ಒಡೆದು ಕಟ್ಟಡ ಎಬ್ಬಿಸಿದ್ದಾರೆ. ತೀರಿಹೋದ ಬೇರೆ ಗೆಳತಿಯರ ಮನೆಗಳ ಮುಂದೆ ಹಾದುಹೋಗುವಾಗ ಗೇಟು ಹಿಡಿದು ಒಂದು ಗಳಿಗೆ ನಿಲ್ಲುತ್ತೇನೆ. ಅಕ್ಕನಿಗಾಗಿ ನಿಲ್ಲೋಣವೆಂದರೆ, ಹಿಡಿದುಕೊಳ್ಳಲು ನನಗೊಂದು ಗೇಟೂ ಇಲ್ಲ...