ಸೋಮಕ್ಕ ನೋಡುತ್ತಿದ್ದ ಟೈರಿನ ಜಾತಕ

ಓಣಿಗೆ ಕಾರು ಬಂದರೆ ಎಲ್ಲರೂ ಒಳಗೆ ಯಾರಿದ್ದಾರೆಂದು ಇಣುಕುತ್ತಿದ್ದರು. ನಮ್ಮ ಪಕ್ಕದ ಮನೆಯ ಸೋಮಕ್ಕ ಮಾತ್ರ ಸೆರಗು ಸೊಂಟಕ್ಕೆ ಸಿಗಿಸಿ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಧೂಳೊರೆಸಿ, ಟೈರಿನ ಪಕ್ಕೆಯಲ್ಲಿ ಒತ್ತಿದ ನಾಲ್ಕು ಅಂಕಿ ಓದುತ್ತಿದ್ದಳು. ಮೊದಲೆರಡು ಟೈರು ಹುಟ್ಟಿದ ವಾರ, ಕೊನೆಯೆರಡು ವರ್ಷ. ಆಮೇಲೆ ಬಿರುಕಿಗೆ ಉಗುರು ಹಾಕಿ ನೋಡಿ ತೀರ್ಪು ಕೊಡುತ್ತಿದ್ದಳು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಅದಕ್ಕೆ ಮೇಲ್ಮನವಿ ಇರಲಿಲ್ಲ.

ಹಿಂದೊಮ್ಮೆ ಕೂಡ್ಲಿಗಿ ದಾರಿಯಲ್ಲಿ ಅವಳು ಕೂತಿದ್ದ ಕಾರಿನ ಟೈರು ಸಿಡಿದು, ಕಾರು ಜಾಲಿಗಿಡಕ್ಕೆ ಒರಗಿ ನಿಂತಿತ್ತಂತೆ. "ಹಲ್ಲು ಸವೆದಿರಲಿಲ್ಲವ್ವ, ಕರ್ರಗ ಮಿಂಚತಿತ್ತು. ವಯಸ್ಸು ನೋಡಿದ್ರ ಮುದುಕ! ಮೈಬಣ್ಣಕ್ಕ ಮರುಳಾಗಬಾರ್ದು. ಟೈರಿಗೂ ಅಷ್ಟ, ವರನಿಗೂ ಅಷ್ಟ," ಎನ್ನುತ್ತಿದ್ದಳು.

ನನ್ನ ಮದುವೆ ಹರಪನಹಳ್ಳಿಯಲ್ಲಿ, ಗಂಡಿನ ಮನೆಯ ಮುಂದೆ. ನನ್ನನ್ನು ಕರೆದೊಯ್ಯಲು ವರನ ಸೋದರಮಾವ ಚೆಂಡುಹೂವಿನಿಂದ ಸಿಂಗರಿಸಿದ ಕಾರು ತಂದಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದ ಸೋಮಕ್ಕ ಏಳಲೇ ಇಲ್ಲ.

"ಈ ಟೈರು ಹುಟ್ಟಿದಾಗ ಮದುಮಗಳು ಹೈಸ್ಕೂಲಿನ್ಯಾಗಿದ್ಲು. ಇದರಾಗ ಕಳಿಸಂಗಿಲ್ರಿ."

"ನಿಂಬಿಹಣ್ಣು ಇಟ್ಟೀರಲ್ಲ, ಮತ್ತೇನ್ರಿ?" ಮಾವನ ಮೀಸೆ ಕುಣಿಯಿತು.

"ನಿಂಬಿಹಣ್ಣು ದೃಷ್ಟಿಗಿರಿ. ಹಳೇ ರಬ್ಬರಿಗೆ ಅದೇನ್ ಮಾಡ್ತೈತಿ, ಪಾಪ!"

"ಹಂಗಾರೆ ನಿಮ್ಮ ಹುಡುಗಿ ನಿಮ್ಮನ್ಯಾಗ ಇರ್ಲಿ ಬಿಡ್ರಿ!"

ಅಪ್ಪನ ಮುಖ ಬಿಳಿಚಿತು. ಮುಹೂರ್ತ ಹತ್ತಿರವಾಗುತ್ತಿತ್ತು, ನನ್ನ ಮದುವೆ ಒಂದು ಟೈರಿಗೆ ಸಿಕ್ಕಿ ನಿಂತಿತ್ತು. ನನಗೋ ಅಳು ಬರಬೇಕಾದ ಹೊತ್ತಿನಲ್ಲಿ ನಗು ಒತ್ತರಿಸಿ ಬರುತ್ತಿತ್ತು. ಅಷ್ಟರಲ್ಲಿ ಸೋಮಕ್ಕ, ಬಳುವಳಿಯ ಪಾತ್ರೆ ತುಂಬಿದ್ದ ಟೆಂಪೋದ ಚಕ್ರಗಳನ್ನೆಲ್ಲ ಪರೀಕ್ಷಿಸಿ ಬಂದಳು.

"ಇವು ಎಳೇ ಕೂಸು ಅದಾವು. ಹತ್ತವ್ವ!"

ಹತ್ತಿದೆ. ಬಾಸಿಂಗ ಹಿಡಿದುಕೊಂಡು ಡ್ರೈವರ್ ಪಕ್ಕ ನಾನು, ನನ್ನ ಪಕ್ಕ ಸೋಮಕ್ಕ, ಹಿಂದೆ ದಾರಿಯುದ್ದಕ್ಕೂ ಹಂಡೆ-ಕೊಡಗಳ ವಾದ್ಯ. ಟೆಂಪೋದಿಂದ ಧುಮುಕಿದ ನನ್ನನ್ನು ನೋಡಿ ವರ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗುವಿಗೇ ಅವನು ನನಗೆ ಇಷ್ಟವಾಗಿಬಿಟ್ಟ.

ಹೂವಿನ ಕಾರು ನಮಗಿಂತ ಮೊದಲೇ ಬಂದು ಚಪ್ಪರದ ಮುಂದೆ ನಿಂತಿತ್ತು. "ಏನಾತ್ರಿ ನಮ್ಮ ಟೈರಿಗೆ?" ಮಾವ ಕೆಣಕಿದರು.

"ಏನೂ ಆಗ್ಲಿಲ್ಲಲ್ರಿ, ಪುಣ್ಯ! ಬರ್ರಿ, ಅಕ್ಕಿಕಾಳು ಹಾಕೋಣು."

ಮಾವ ಮಾತ್ರ ಆ ದಿನವನ್ನು ಮರೆಯಲಿಲ್ಲ. ಸೋಮಕ್ಕನ ಹೆಸರೆತ್ತಿದರೆ ಸಾಕು, ಮೂಗು ಮುರಿಯುತ್ತಿದ್ದರು.

ಮೊನ್ನೆ ಸೋಮಕ್ಕ ಹೋದಳೆಂದು ಸುದ್ದಿ ಬಂತು. ಕರೆಯದಿದ್ದರೂ ಮಾವ ನಮ್ಮ ಜೊತೆ ಕೊಟ್ಟೂರಿಗೆ ಹೊರಟರು. ಅವಳನ್ನು ಮಣ್ಣಿಗೆ ಒಯ್ಯುವ ವಾಹನ ಓಣಿಯಲ್ಲಿ ನಿಂತಿತ್ತು. ಅಳುತ್ತಲೇ ನಾನು ಮುಂದಿನ ಚಕ್ರದ ಬಳಿ ಕುಕ್ಕರಿಸಿ, ಸೆರಗಿನಿಂದ ಧೂಳೊರೆಸಿದೆ. ಹಿಂದಿನ ಚಕ್ರದ ಹತ್ತಿರ ಮಾವ ಆಗಲೇ ಕೂತಿದ್ದರು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು.

"ಹಿಂದಿನವು ಹೊಸವು ಅದಾವವ್ವ," ಎಂದರು. "ನಿಂದು ನೋಡು."