ಅಳೆಯದೇ ಬಿಟ್ಟ ಬಚ್ಚಲುಮನೆ

ಬಾಡಿಗೆ ಮನೆಗಳ ವೈರಿಂಗ್ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆ ಹೆಂಗಸನ್ನು ಎಲ್ಲರೂ ಹಿಂಗೈ ಅಕ್ಕ ಎಂದೇ ಕರೆಯುತ್ತಿದ್ದರು. ಯಾವ ಮನೆಗೆ ಹೋದರೂ, ಮೀಟರು ಚೀಲದಿಂದ ಹೊರಬರುವ ಮೊದಲೇ ಅವಳ ಬಲಗೈಯ ಹಿಂಬದಿ ಒಂದು ಸುತ್ತು ಹಾಕಿ ಬರುತ್ತಿತ್ತು: ಫ್ರಿಜ್ಜಿನ ಬಾಗಿಲು, ಕಿಟಕಿಯ ಸರಳು, ನೀರಿನ ನಲ್ಲಿ. ಕರೆಂಟ್ ತಗುಲಿದ ಕೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ಅಂಗೈಯಿಂದ ಮುಟ್ಟಿದವರು ಹಿಡಿದುಕೊಂಡೇ ಉಳಿಯುತ್ತಾರೆ. ಹಿಂಗೈಯಿಂದ ಮುಟ್ಟಿದವರ ಕೈ ದೂರ ಸರಿಯುತ್ತದೆ. ಕೆಲಸ ಕಲಿಸಿದ ಮೇಸ್ತ್ರಿಯ ಈ ಮಾತು ಇಪ್ಪತ್ತನಾಲ್ಕು ವರ್ಷಗಳಲ್ಲಿ ಎಷ್ಟು ಮೈಗೂಡಿತ್ತೆಂದರೆ, ಸ್ವಂತ ಮನೆಯ ಚಿಲಕವನ್ನೂ ಅವಳು ಹಾಗೆಯೇ ಮುಟ್ಟಿ ತೆಗೆಯುತ್ತಿದ್ದಳು.

"ನನ್ನ ಕೆನ್ನೆನಾದ್ರೂ ಅಂಗೈಯಿಂದ ಮುಟ್ಟೇ. ನಾನೇನು ಶಾಕ್ ಹೊಡೀತೀನಾ?" ಎಂದು ಗಂಡ ರೇಗಿಸುತ್ತಿದ್ದ.

"ಹಳೇ ವೈರಿಂಗು, ಹೇಳೋಕಾಗಲ್ಲ," ಎನ್ನುತ್ತಿದ್ದಳು.

ಬಾಡಿಗೆ ಮನೆಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬುದು ನಿಯಮ. ಹಾಗೆ ಒಂದು ಬೆಳಿಗ್ಗೆ ಅವಳು ಮೂರನೇ ಮಹಡಿಯ ಆ ಮನೆಗೆ ಹೋದಳು. ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಮನೆಯವರ ಸೊಸೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹೊಲಿಯಲು ಬಂದ ಬಟ್ಟೆಗಳ ರಾಶಿಯ ಪಕ್ಕದಲ್ಲಿ ಅತ್ತೆ ಗುಂಡಿ ಹಚ್ಚುತ್ತಿದ್ದರು. ಮನೆ ಮಾಲೀಕರು, ಮೃದು ಮಾತಿನ ನಿವೃತ್ತ ಗುಮಾಸ್ತರು, ಬಾಗಿಲಲ್ಲಿ ನಿಂತಿದ್ದರು. ಸೊಸೆಯ ಆರೂವರೆ ವರ್ಷದ ಮಗಳು ಅಕ್ಕನ ಹಿಂದೆ ಹಿಂದೆಯೇ ಬಚ್ಚಲುಮನೆಗೆ ಬಂದಳು.

ಅಕ್ಕ ನಲ್ಲಿಯ ಕಡೆ ಕೈ ಚಾಚಿದಳು.

"ಬೇಡ ಆಂಟಿ! ಚಪ್ಪಲಿ ಹಾಕ್ಕೊಳ್ಳಿ!"

ಹುಡುಗಿ ಮೂಲೆಯಿಂದ ಒಂದು ಜೊತೆ ರಬ್ಬರ್ ಚಪ್ಪಲಿ ತಂದು ನೀಡಿದಳು. ಅಕ್ಕ ಅದನ್ನು ಕಾಲಿಗೆ ಹಾಕಿಕೊಳ್ಳಲು ಬಗ್ಗಿದಾಗ ಹುಡುಗಿ ಕಿಸಕ್ಕನೆ ನಕ್ಕಳು. "ಕಾಲಿಗಲ್ಲ, ಕೈಗೆ!" ಎಂದು ತಾನೇ ಎರಡೂ ಕೈಗೆ ಚಪ್ಪಲಿ ಸಿಕ್ಕಿಸಿಕೊಂಡು ನಲ್ಲಿ ತಿರುಗಿಸಿ ತೋರಿಸಿದಳು. ಎಷ್ಟು ಸಲೀಸಾಗಿ! ದಿನವೂ ಹಲ್ಲುಜ್ಜುವಷ್ಟೇ ಸಲೀಸಾಗಿ.

ಮುಂದಿನ ಕೋಣೆಯಿಂದ ಅಜ್ಜಿ ಕೂಗಿದರು. "ಸುಮ್ನೆ ಹೆದರಿಸ್ಬೇಡ ಕಣೇ ಅವರನ್ನ. ಅದು ಜುಮ್ ಅನ್ನುತ್ತೆ, ಅಷ್ಟೆ. ನನ್ನ ಬೆರಳು ನೋವಿಗೆ ಅದೇ ಮದ್ದು ನೋಡಮ್ಮ. ದಿನಾ ಬೆಳಿಗ್ಗೆ ಹಿಡ್ಕೊಂಡು ನೂರು ಎಣಿಸ್ತೀನಿ. ಆಸ್ಪತ್ರೇಲೂ ಹಿಂಗೇ ಕರೆಂಟ್ ಕೊಡ್ತಾರಂತಲ್ಲ."

ಒದ್ದೆ ನೆಲ, ಕಬ್ಬಿಣದ ಕೊಳವೆ, ನೂರು ಎಣಿಸುವ ಮುದುಕಿ. ಅಕ್ಕ ಹುಡುಗಿಯನ್ನು ಭುಜ ಹಿಡಿದು ಹೊರಗೆ ಸರಿಸಿ ನಲ್ಲಿಗೆ ಮೀಟರು ಇಟ್ಟಳು. ಮುಳ್ಳು ಎದ್ದು ಎಂಬತ್ತೇಳು ವೋಲ್ಟಿನ ಹತ್ತಿರ ನಡುಗುತ್ತ ನಿಂತಿತು. ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದಳು. ಹೊಲಿಗೆ ಯಂತ್ರ ಅರ್ಧ ಹೊಲಿಗೆಯಲ್ಲಿ ನಿಂತಿತು.

ಗೀಸರಿನ ಹಿಂದೆ ಇಣುಕಿ ನೋಡಿದರೆ, ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ತ್ ವೈರು ಬೆರಳುದ್ದ ಸಾಲದೆ ಬಂದದ್ದರಿಂದ ಯಾರೋ ಅದಕ್ಕೆ ಟೇಪು ಸುತ್ತಿ ಹಾಗೆಯೇ ಬಿಟ್ಟಿದ್ದರು. ಗೀಸರಿನ ಒಳಗಿನ ಕಾಯಿಲ್ ಬಿರುಕು ಬಿಟ್ಟಿತ್ತು. ಇವತ್ತು ಜುಮ್ ಎಂದದ್ದು, ಬಿರುಕು ಇನ್ನೊಂದು ಕೂದಲೆಳೆಯಷ್ಟು ಬಾಯ್ಬಿಟ್ಟಿದ್ದರೆ, ನಾಳೆ ಯಾರನ್ನೂ ಬಿಡುತ್ತಿರಲಿಲ್ಲ.

"ಈ ಗೀಸರು ಹಾಕಿ ಎಷ್ಟು ದಿನ ಆಯ್ತು?"

ಮಾಲೀಕರು ಲೆಕ್ಕ ಹಾಕಿದರು. "ಇವರು ಬರೋಕೆ ಮೂರು ವರ್ಷ ಮುಂಚೆ. ಅವತ್ತಿಂದ ಯಾರೂ ಕೈ ಹಚ್ಚಿಲ್ಲ. ಕಳೆದ ಸಲ ನೀವೇ ಚೆಕ್ ಮಾಡಿ ಸರಿ ಇದೆ ಅಂದಿದ್ರಲ್ಲ?"

ಅವಳು ಸ್ವಿಚ್ ಪೆಟ್ಟಿಗೆಯ ಬಾಗಿಲು ತೆರೆದಳು. ಒಳಗೆ ಅಂಟಿಸಿದ್ದ ಹಳೆಯ ಹಾಳೆಯಲ್ಲಿ ಅವಳದೇ ದುಂಡಗಿನ ಅಕ್ಷರ. ಅಡುಗೆಮನೆ ಅರ್ತ್: ಸೊನ್ನೆ ಬಿಂದು ನಾಲ್ಕು. ಬಚ್ಚಲುಮನೆ ಅರ್ತ್: ಸೊನ್ನೆ ಬಿಂದು ನಾಲ್ಕು. ಎರಡೂ ಸರಿಯಿದೆ ಎನ್ನುವ ಅಂಕಿ. ಕೆಳಗೆ ಅವಳ ಸಹಿ.

ನೆನಪಾಯಿತು. ಅವತ್ತು ಬಚ್ಚಲುಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ನೀರಿನ ಸದ್ದು, ಮಗುವಿನ ಕೇಕೆ. "ಪಾಪುಗೆ ಸ್ನಾನ ಮಾಡಿಸ್ತಿದೀನಿ, ಹತ್ತು ನಿಮಿಷ ಅಕ್ಕಾ," ಎಂದು ಬಾಗಿಲ ಆಚೆಯಿಂದ ಒಂದು ದನಿ. ಇನ್ನೂ ಎರಡು ಮನೆಗಳು ಬಾಕಿಯಿದ್ದವು. ಅಡುಗೆಮನೆಗೂ ಬಚ್ಚಲಿಗೂ ಒಂದೇ ಗೋಡೆ. ಒಂದೇ ವೈರು ಇರಬೇಕು ಎಂದುಕೊಂಡು ಮೇಲಿನ ಅಂಕಿಯನ್ನೇ ಕೆಳಗೂ ಬರೆದಿದ್ದಳು. ನಲ್ಲಿಯನ್ನು ಹಿಂಗೈಯಿಂದ ಮುಟ್ಟಿಯೂ ಇರಲಿಲ್ಲ.

ಆ ಪಾಪು ಈಗ ಕೈಗೆ ಚಪ್ಪಲಿ ಹಾಕಿಕೊಂಡು ಅವಳನ್ನೇ ನೋಡುತ್ತಿತ್ತು.

ಸೊಸೆ ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ದೇವರು ಕಳಿಸಿದ ಹಾಗೆ ಬಂದ್ರಿ ಅಕ್ಕಾ. ಅತ್ತೆಗೆ ನೋವು ಕಮ್ಮಿ ಅಂತ ನಾನೂ ಸುಮ್ನಿದ್ದೆ. ನಮ್ಮನ್ನ ಉಳಿಸಿದ್ರಿ."

ನಲ್ಲಿಯಲ್ಲಿದ್ದುದಕ್ಕಿಂತ ದೊಡ್ಡ ಹೊಡೆತ ಅದು. ಅಕ್ಕ ಕೈ ಬಿಡಿಸಿಕೊಂಡು ಕೆಲಸಕ್ಕಿಳಿದಳು. ಗೀಸರನ್ನು ಪೂರ್ತಿ ಕಳಚಿಟ್ಟಳು. ಕೊಳವೆಗೆ ಹೊಸ ಅರ್ತ್ ವೈರು ಬಿಗಿದಳು. ಆಮೇಲೆ ಹೊಸ ಹಾಳೆ ತೆಗೆದು, 'ಹಿಂದಿನ ಪರೀಕ್ಷೆಯಲ್ಲಿ ಬಚ್ಚಲುಮನೆಯನ್ನು ಅಳೆದಿರಲಿಲ್ಲ. ಅಲ್ಲಿ ಬರೆದ ಅಂಕಿ ಸುಳ್ಳು. ಬರೆದವಳು ನಾನು,' ಎಂದು ಬರೆಯತೊಡಗಿದಳು.

ಹೆಗಲ ಮೇಲಿನಿಂದ ಓದಿದ ಮಾಲೀಕರು ದನಿ ತಗ್ಗಿಸಿದರು. "ಸರಿ ಆಯ್ತಲ್ಲಮ್ಮ, ಹಳೇದನ್ನ ಯಾಕೆ ಕೆದಕ್ತೀರಿ? ನಿಮ್ಮ ಲೈಸೆನ್ಸೇ ಹೋಗುತ್ತೆ."

"ಹೋಗುತ್ತೆ," ಎಂದಳು. ಬರೆದದ್ದನ್ನು ಸೊಸೆಗೆ ಗಟ್ಟಿಯಾಗಿ ಓದಿ ಹೇಳಿದಳು. "ಬಾಗಿಲು ಒಳಗಿನಿಂದ ಹಾಕಿತ್ತು, ನಾನು ಕಾಯಲಿಲ್ಲ," ಎಂದಳು.

ಸೊಸೆ ಬಚ್ಚಲುಮನೆಯ ಕಡೆ ತಿರುಗಿ ನೋಡಿದಳು. "ಅವತ್ತು... ಒಳಗೆ ನಾವೇ ಇದ್ವಲ್ಲ?" ಎಂದಳು. ಮಗಳನ್ನು ಎಳೆದು ಸೆರಗಿನೊಳಗೆ ಹಾಕಿಕೊಂಡಳು. ಇಷ್ಟು ಹೊತ್ತು ಅಕ್ಕಾ ಎಂದು ಕರೆದವಳು ಈಗ ಏನೂ ಕರೆಯಲಿಲ್ಲ.

ಮೇನ್ ಹಾಕಿದ ಮೇಲೆ ಅಕ್ಕ ಮತ್ತೆ ಅಳೆದಳು. ಮುಳ್ಳು ಸೊನ್ನೆಯಿಂದ ಅಲ್ಲಾಡಲಿಲ್ಲ. ಅದನ್ನು ಸೊಸೆಯ ಕಡೆ ತಿರುಗಿಸಿ ತೋರಿಸಿದಳು.

"ಆ ಮುಳ್ಳು ನನಗೆ ಬೇಡ," ಎಂದಳು ಸೊಸೆ. "ನೀವು ಮುಟ್ಟಿ. ಅಂಗೈಯಿಂದ. ನನ್ನ ಮಗಳು ಹಿಡಿಯೋ ಹಾಗೆ ಗಟ್ಟಿಯಾಗಿ ಹಿಡೀರಿ."

ಅಕ್ಕನ ಕೈ ಅಭ್ಯಾಸಬಲದಿಂದ ಹಿಂದುಮುಂದಾಗಿಯೇ ಎದ್ದಿತು. ಅದನ್ನು ತಿರುಗಿಸುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ನಿಧಾನವಾಗಿ ಅಂಗೈ ಬಿಚ್ಚಿ, ಐದೂ ಬೆರಳು ಸುತ್ತಿ ನಲ್ಲಿಯನ್ನು ಹಿಡಿದಳು. ತಣ್ಣಗಿತ್ತು. ಬರೀ ತಣ್ಣಗಿತ್ತು.

"ಎಣಿಸಿ," ಎಂದಳು ಸೊಸೆ. "ನೂರರ ತನಕ."

ಅವಳು ಒಂದು, ಎರಡು ಎಂದು ಶುರುಮಾಡಿದಳು. ಮುಂದಿನ ಕೋಣೆಯಿಂದ ಅಜ್ಜಿ, "ಹಂಗಾದ್ರೆ ನನ್ನ ಬೆರಳಿನ ಗತಿ?" ಎಂದು ಕೇಳುತ್ತಲೇ ಇದ್ದರು. ಮೂವತ್ತರ ಹತ್ತಿರ ಬಂದಾಗ ಹಿಂಗೈ ಅಕ್ಕನಿಗೆ ಇನ್ನೊಂದು ಪ್ರಶ್ನೆ ಎದ್ದಿತು: ಆ ವರ್ಷ ಇನ್ನೆಷ್ಟು ಬಾಗಿಲುಗಳು ಒಳಗಿನಿಂದ ಹಾಕಿದ್ದವು? ನೆನಪಾಗಲಿಲ್ಲ. ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದಳು.